ನಾರ್ಮಂಡಿಯ ಕಡಲ ತೀರದಲ್ಲಿ

ಫ್ರಾನ್ಸ್ ದೇಶದ ವಾಯವ್ಯ ಭಾಗದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯ ದಂಡೆಯುದ್ದಕ್ಕೂ ಹಬ್ಬಿರುವ ಪ್ರಾಂತ್ಯಕ್ಕೆ ನಾರ್ಮಂಡಿ ಎಂದು ಹೆಸರು. ಸೇಬಿನ ತೋಟಗಳು, ಹುಲುಸಾದ ಹುಲ್ಲುಗಾವಲುಗಳು, ಅವುಗಳಲ್ಲಿ ನೆಮ್ಮದಿಯಿಂದ ಮೇಯುವ ಹಸುಗಳು, ಕಲ್ಲುಗೋಡೆಯ ಹಳೆಯ ಮನೆಗಳು, ಊರೂರಿನ ನಡುವೆ ತಲೆಯೆತ್ತಿ ನಿಂತ ಚರ್ಚಿನ ಗೋಪುರಗಳು - ಇದು ಆ ನಾಡಿನ ನೋಟ. ಹಾಲು, ಬೆಣ್ಣೆ, ಚೀಸುಗಳಿಗೆ ಅದು ಹೆಸರುವಾಸಿ. ಇಂಥ ಶಾಂತವಾದ ಮಣ್ಣಿನಲ್ಲಿ ಇಪ್ಪತ್ತನೆಯ ಶತಮಾನದ ಘೋರ ಕದನವೊಂದು ನಡೆಯಿತೆಂದರೆ ಮೊದಲ ನೋಟಕ್ಕೆ ನಂಬುವುದು ಕಷ್ಟ.

ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಿನಲ್ಲಿ, ನನಗೆ ಆ ಪ್ರಾಂತ್ಯವನ್ನು ನೋಡುವ ಅವಕಾಶ ದೊರೆಯಿತು. ಮಗಳ ಸಂಸಾರ ಪ್ಯಾರಿಸ್ಸಿನಲ್ಲಿತ್ತು. ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ. ನಾವು ಮೂವರೂ ಪ್ಯಾರಿಸ್ಸಿನಿಂದ ರೈಲು ಹತ್ತಿ ಬೇಯೂ ಎಂಬ ಪುಟ್ಟ ಪಟ್ಟಣಕ್ಕೆ ಬಂದಿಳಿದೆವು.

ನಾರ್ಮಂಡಿ ಎಂಬ ಹೆಸರಿನಲ್ಲಿಯೇ ಅದರ ಚರಿತ್ರೆ ಅಡಗಿದೆ. ಒಂಬತ್ತನೆಯ ಶತಮಾನದಲ್ಲಿ ಉತ್ತರದ ಸ್ಕಾಂಡಿನೇವಿಯದಿಂದ ಹಡಗುಗಳಲ್ಲಿ ಬಂದು ಸೂರೆ ಮಾಡುತ್ತಿದ್ದ ಜನರನ್ನು 'ಉತ್ತರದವರು' ಎಂಬ ಅರ್ಥದಲ್ಲಿ ನಾರ್ಮನ್ನರೆಂದು ಕರೆದರು. ಅವರನ್ನು ಗೆಲ್ಲಲಾರದೆ ಫ್ರಾನ್ಸಿನ ದೊರೆಯು ಕ್ರಿ.ಶ. 911ರಲ್ಲಿ ಅವರ ನಾಯಕನಾದ ರೋಲೋ ಎಂಬಾತನಿಗೆ ಈ ನೆಲವನ್ನು ಬಿಟ್ಟುಕೊಟ್ಟನು. ಸೂರೆಗಾರರು ನೆಲೆನಿಂತು ಒಕ್ಕಲಾದರು. ಆ ವಂಶದ ವಿಲಿಯಮ್ ಎಂಬ ಅರಸನೇ 1066ರಲ್ಲಿ ಕಡಲ್ಗಾಲುವೆಯನ್ನು ದಾಟಿ, ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದು, ಇಂಗ್ಲೆಂಡಿನ ಸಿಂಹಾಸನವನ್ನೇರಿದವನು.

ಆ ದಂಡಯಾತ್ರೆಯ ಕಥೆಯನ್ನು ಹೇಳುವ ಕಸೂತಿಯ ಬಟ್ಟೆಯೊಂದು ಬೇಯೂ ಪಟ್ಟಣದ ಹೆಮ್ಮೆ. ನಾವು ಹೋದಾಗ ಅದು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿತ್ತು. ಅದರ ಉದ್ದ ಸುಮಾರು 70 ಮೀಟರು. ಅಗಲ ಅರ್ಧ ಮೀಟರು ಮಾತ್ರ. ನಾರುಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ನೂಲಿನಿಂದ ಮಾಡಿದ ಕೆಲಸ. ಮರ ಕಡಿದು ಹಡಗು ಕಟ್ಟುವವರು, ಹಡಗಿನಲ್ಲಿ ತಲೆಯೆತ್ತಿ ನಿಂತ ಕುದುರೆಗಳು, ಅಡಿಗೆ ಮಾಡುವ ಆಳುಗಳು, ಆಕಾಶದಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತು, ಕೊನೆಗೆ ನೆಲಕ್ಕುರುಳಿದ ಯೋಧರು - ಎಲ್ಲವೂ ಅಲ್ಲಿವೆ. ಒಂಬೈನೂರು ವರ್ಷಗಳಿಗೂ ಹಳೆಯದಾದ ಆ ನೂಲಿನ ಬಣ್ಣ ಇನ್ನೂ ಮಾಸಿಲ್ಲ.

ವಿಲಿಯಮ್ ನಾರ್ಮಂಡಿಯಿಂದ ಇಂಗ್ಲೆಂಡಿಗೆ ಹೋದ. 1944ರಲ್ಲಿ ಇಂಗ್ಲೆಂಡಿನಿಂದ ನಾರ್ಮಂಡಿಗೆ ಸೇನೆಗಳು ಬಂದವು. ಅದರ ಕಾರಣವನ್ನು ಸಂಕ್ಷೇಪವಾಗಿ ತಿಳಿಯೋಣ. 1940ರಲ್ಲಿ ಹಿಟ್ಲರನ ಜರ್ಮನಿಯು ಫ್ರಾನ್ಸನ್ನು ಸೋಲಿಸಿತು. ನಾಲ್ಕು ವರ್ಷಗಳ ಕಾಲ ಆ ದೇಶ ಪರರ ಆಳ್ವಿಕೆಯಲ್ಲಿ ನರಳಿತು. ಫ್ರಾನ್ಸಿನಿಂದಲೂ ಸಾವಿರಾರು ಯೆಹೂದ್ಯರನ್ನು ಮರಣಶಿಬಿರಗಳಿಗೆ ಸಾಗಿಸಲಾಯಿತು. ಪಶ್ಚಿಮ ಯೂರೋಪನ್ನು ಬಿಡಿಸಬೇಕಾದರೆ ಮಿತ್ರರಾಷ್ಟ್ರಗಳು ಕಡಲನ್ನು ದಾಟಿ, ಕಾಂಕ್ರೀಟಿನ ಕೋಟೆಗಳಿಂದಲೂ ಸಿಡಿಗುಂಡುಗಳಿಂದಲೂ ಭದ್ರವಾದ ತೀರದ ಮೇಲೆ ಕಾಲಿಡಬೇಕಾಗಿತ್ತು.

ಈ ಕಾರ್ಯದ ಮಹಾಸೇನಾನಿ ಅಮೆರಿಕದ ಐಸೆನ್‌ಹೋವರ್. ದಾಳಿಗೆ ಗೊತ್ತಾಗಿದ್ದ ದಿನ ಜೂನ್ 5. ಆದರೆ ಬಿರುಗಾಳಿಯಿಂದ ಕಡಲು ಕದಡಿತು. ಹವಾಮಾನತಜ್ಞರು ಲೆಕ್ಕ ಹಾಕಿ, ಮರುದಿನ ಅಲ್ಪಕಾಲ ಗಾಳಿ ತಗ್ಗುವುದೆಂದು ಸೂಚಿಸಿದರು. ಅಷ್ಟನ್ನೇ ನಂಬಿ ಐಸೆನ್‌ಹೋವರ್ ಅಪ್ಪಣೆ ಕೊಟ್ಟರು. ಇಂಥ ಹವೆಯಲ್ಲಿ ಯಾರೂ ಬರಲಾರರೆಂದು ಎದುರಾಳಿಗಳು ಭಾವಿಸಿದ್ದರು; ಅವರ ದಂಡನಾಯಕ ರೊಮ್ಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕಾಗಿ ಊರಿಗೆ ಹೋಗಿದ್ದನು. ಐಸೆನ್‌ಹೋವರ್ ಮಾಡಿದ ಇನ್ನೊಂದು ಕೆಲಸ ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ದಾಳಿ ಸೋತರೆ ಪ್ರಕಟಿಸಬೇಕಾದ ಹೇಳಿಕೆಯೊಂದನ್ನು ಅವರು ಮೊದಲೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಸೈನಿಕರು ತಮ್ಮ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದರು, ತಪ್ಪೇನಾದರೂ ಇದ್ದರೆ ಅದು ತನ್ನೊಬ್ಬನದೇ ಎಂಬುದು ಅದರ ಸಾರ. ಗೆಲುವಿಗೆ ಹಲವರು ವಾರಸುದಾರರಾಗುತ್ತಾರೆ. ಸೋಲನ್ನು ಮುಂಚಿತವಾಗಿಯೇ ತಲೆಯ ಮೇಲೆ ಹೊತ್ತುಕೊಳ್ಳುವವರು ವಿರಳ.

1944ರ ಜೂನ್ 6ರಂದು ಸುಮಾರು 7,000 ಹಡಗು ದೋಣಿಗಳು ಕಡಲನ್ನು ಮುಚ್ಚಿದವು. ಅಂದೊಂದೇ ದಿನ, ಆಕಾಶದಿಂದಲೂ ನೀರಿನಿಂದಲೂ ಇಳಿದವರು ಸುಮಾರು 1,56,000 ಮಂದಿ. ಎಂಬತ್ತು ಕಿಲೋಮೀಟರಿನಷ್ಟು ತೀರವನ್ನು ಐದು ಭಾಗಗಳಾಗಿ ವಿಂಗಡಿಸಿ, ಅವಕ್ಕೆ ಗುಪ್ತನಾಮಗಳನ್ನಿಟ್ಟಿದ್ದರು. ಯೂಟಾ, ಒಮಾಹಾ ಎಂಬ ತೀರಗಳು ಅಮೆರಿಕನ್ನರ ಪಾಲು; ಗೋಲ್ಡ್, ಸೋರ್ಡ್ ಎಂಬವು ಬ್ರಿಟಿಷರವು; ಜುನೋ ಎಂಬುದು ಕೆನಡದವರದು. ಆ ಗುಪ್ತನಾಮಗಳು ಇಂದಿಗೂ ಅಳಿಸಿಲ್ಲ.

ನಾವು ಒಮಾಹಾ ತೀರದಲ್ಲಿ ನಿಂತಾಗ ಕಡಲು ಇಳಿದಿತ್ತು. ಮರಳು ಬಹುದೂರದವರೆಗೆ ಬಯಲಾಗಿತ್ತು. ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ತಿರುಗಿ ನೋಡಿದರೆ ಹಿಂದೆ ಹುಲ್ಲು ಬೆಳೆದ ಎತ್ತರದ ದಿಬ್ಬ. ಆ ದಿಬ್ಬದಿಂದ ಗುಂಡು ಹಾರಿಸುವವನಿಗೆ ಈ ಬಯಲಿನಲ್ಲಿ ಓಡಿಬರುವವನು ಕಾಣದಿರಲು ಸಾಧ್ಯವೇ ಇಲ್ಲ. ಅಂದು ಬಾಂಬುಗಳು ಗುರಿ ತಪ್ಪಿ ಒಳನಾಡಿನಲ್ಲಿ ಬಿದ್ದವು. ನೀರಿನಲ್ಲಿ ತೇಲಿಬರಲೆಂದು ಸಜ್ಜುಗೊಳಿಸಿ ಇಳಿಸಿದ ಒಂದು ದಳದ 29 ಟ್ಯಾಂಕುಗಳಲ್ಲಿ 27 ಮುಳುಗಿಹೋದವು. ಆಸರೆಯಿಲ್ಲದ ಕಾಲಾಳುಗಳು ನೀರಿನಿಂದ ಮರಳಿಗೆ, ಮರಳಿನಿಂದ ದಿಬ್ಬಕ್ಕೆ ತೆವಳುತ್ತ ಸಾಗಿದರು. ಸಂಜೆಯ ಹೊತ್ತಿಗೆ ತೀರ ಕೈವಶವಾಯಿತು. ಐದು ತೀರಗಳಲ್ಲಿಯೂ ಒಳನಾಡಿನಲ್ಲಿಯೂ ಆ ದಿನ ಮಡಿದ ಮಿತ್ರಪಕ್ಷದವರ ಸಂಖ್ಯೆ 4,400ಕ್ಕೂ ಹೆಚ್ಚು.

ಅಲ್ಲಿಂದ ಪಶ್ಚಿಮಕ್ಕೆ ಪ್ವಾಂತ್ ದು ಓಕ್ ಎಂಬ ಕಡಿದಾದ ಬಂಡೆಯಿದೆ. ಸುಮಾರು 30 ಮೀಟರು ಎತ್ತರದ ಆ ಬಂಡೆಯನ್ನು 225 ಅಮೆರಿಕನ್ ಯೋಧರು ಗುಂಡಿನ ಮಳೆಯ ನಡುವೆ ಹಗ್ಗ ಏಣಿಗಳಿಂದ ಹತ್ತಿದರು. ಬಾಂಬು ಬಿದ್ದು ಉಂಟಾದ ಕುಳಿಗಳನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಪೂರ್ವಕ್ಕೆ ಅರೋಮಾಂಶ್ ಎಂಬ ಊರಿದೆ. ಗೆದ್ದ ತೀರದಲ್ಲಿ ಬಂದರು ಇರಲಿಲ್ಲವಾದ್ದರಿಂದ ಬಂದರನ್ನೇ ಇಂಗ್ಲೆಂಡಿನಿಂದ ಎಳೆದುತಂದರು. ಮನೆಗಳಷ್ಟು ದೊಡ್ಡದಾದ ಕಾಂಕ್ರೀಟಿನ ಪೆಟ್ಟಿಗೆಗಳನ್ನು ತೇಲಿಸಿ ತಂದು, ಮುಳುಗಿಸಿ, ಅಲೆಗಳಿಗೆ ತಡೆಗೋಡೆ ಕಟ್ಟಿದರು. ಒಳಗೆ ತೇಲುವ ರಸ್ತೆಗಳನ್ನು ಹಾಸಿದರು. ಒಮಾಹಾದಲ್ಲಿ ಕಟ್ಟಿದ ಇಂಥದೇ ಬಂದರು ಜೂನ್ ನಡುವಿನ ಬಿರುಗಾಳಿಗೆ ಮುರಿದುಹೋಯಿತು. ಅರೋಮಾಂಶಿನಲ್ಲಿ ಉಳಿದ ಪೆಟ್ಟಿಗೆಗಳು ನೀರಿನಲ್ಲಿ ಮೈಯೊಡ್ಡಿ ಮಲಗಿದ ಎಮ್ಮೆಗಳಂತೆ ಕಾಣುತ್ತಿದ್ದವು.

ಮರುದಿನ ನಾವು ನೋಡಿದ್ದು ಸಮಾಧಿಗಳನ್ನು. ಕೋಲ್ವಿಲ್ ಎಂಬಲ್ಲಿ, ಒಮಾಹಾ ತೀರದ ಮೇಲಿನ ದಿಬ್ಬದಲ್ಲಿ, 9,380ಕ್ಕೂ ಹೆಚ್ಚು ಅಮೆರಿಕನ್ನರು ಮಲಗಿದ್ದಾರೆ. ಬಿಳಿಯ ಅಮೃತಶಿಲೆಯ ಶಿಲುಬೆಗಳು ಸಾಲುಸಾಲಾಗಿ ನಿಂತಿವೆ. ಯೆಹೂದ್ಯರ ಸಮಾಧಿಗಳ ಮೇಲೆ ಅವರ ಆರು ಮೂಲೆಯ ನಕ್ಷತ್ರವಿದೆ. ಬೇಯೂ ಪಟ್ಟಣದ ಅಂಚಿನಲ್ಲಿ ಬ್ರಿಟಿಷರ ಸಮಾಧಿಸ್ಥಳವಿದೆ. ಅಲ್ಲಿ 4,600ಕ್ಕೂ ಹೆಚ್ಚು ಕಲ್ಲುಗಳು. ಪ್ರತಿಯೊಂದರ ಬುಡದಲ್ಲಿಯೂ ಹೂಗಿಡ. ಅದರೆದುರಿನ ಸ್ಮಾರಕದ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆದಿರುವ ಸಾಲಿನ ಅರ್ಥವಿದು: ಒಮ್ಮೆ ವಿಲಿಯಮ್ಮನಿಂದ ಸೋತ ನಾವು, ಆ ವಿಜೇತನ ತಾಯ್ನಾಡನ್ನು ಬಿಡುಗಡೆ ಮಾಡಿದೆವು.

ಆ ಕಲ್ಲುಗಳ ಮೇಲೆ ಹೆಸರಿನ ಜೊತೆಗೆ ವಯಸ್ಸನ್ನೂ ಕೆತ್ತಿದ್ದಾರೆ. ನಾನು ಒಂದು ಸಾಲಿನ ಹೆಸರುಗಳನ್ನು ಓದುತ್ತ ನಡೆದೆ. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು, ಮತ್ತೆ ಹತ್ತೊಂಬತ್ತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಹಾಜರಿ ಕೂಗಿದವನು ನಾನು. ಹೆಸರು ಕೂಗಿದ ಮೇಲೆ ಉತ್ತರಕ್ಕಾಗಿ ಒಂದು ಕ್ಷಣ ಕಾಯುವುದು ನನಗೆ ರೂಢಿಯಾಗಿಬಿಟ್ಟಿದೆ. ಅಲ್ಲಿಯೂ ನಾನು ಕಾದೆ.

ನನ್ನ ಕೈಯಲ್ಲಿ ಓದಿ, ಸೇನೆಗೆ ಸೇರಿ, ಗಡಿಯಲ್ಲಿ ಪ್ರಾಣಬಿಟ್ಟ ಹುಡುಗನೊಬ್ಬನ ನೆನಪು ಆಗ ಬಂದಿತು. ನಾನು ಅವನ ಮನೆಗೆ ಹೋದಾಗ ಅವನ ತಾಯಿ ಯುದ್ಧದ ಮಾತನ್ನೇ ಎತ್ತಲಿಲ್ಲ. "ಮೇಷ್ಟ್ರೇ, ನನ್ನ ಮಗ ಸ್ಕೂಲಿನಲ್ಲಿ ಹೇಗಿದ್ದ? ಏನಾದರೂ ಹೇಳಿ" ಎಂದಷ್ಟೇ ಕೇಳಿದರು. ಅವನು ಕನ್ನಡ ಪದ್ಯಗಳನ್ನು ರಾಗವಾಗಿ ಓದುತ್ತಿದ್ದನೆಂದು ಹೇಳಿದೆ. ಆಕೆ ಅದನ್ನು ಮೂರು ಬಾರಿ ಹೇಳಿಸಿದರು. ಬೇಯೂವಿನ ಒಂದೊಂದು ಕಲ್ಲಿನ ಹಿಂದೆಯೂ ಅಂಥ ಒಬ್ಬ ತಾಯಿ ಇದ್ದಿರಬೇಕಲ್ಲವೆ?

ಮಧ್ಯಾಹ್ನ ಲಾ ಕಾಂಬ್ ಎಂಬಲ್ಲಿಗೆ ಹೋದೆವು. ಅದು ಜರ್ಮನ್ನರ ಸಮಾಧಿಸ್ಥಳ. ಅಲ್ಲಿ 21,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಅಮೃತಶಿಲೆಯ ಬೆಳಕು ಇಲ್ಲಿಲ್ಲ. ನೆಲಕ್ಕೆ ಹೊಂದಿಕೊಂಡ ಚಪ್ಪಟೆ ಕಲ್ಲುಗಳು, ಅಲ್ಲಲ್ಲಿ ಗುಂಪುಗುಂಪಾಗಿ ಕಪ್ಪು ಶಿಲುಬೆಗಳು, ನಡುವೆ ಒಂದು ಮಣ್ಣಿನ ದಿಬ್ಬ. ಮೊಮ್ಮಗ ಕೇಳಿದ:

"ತಾತ, ಇವರು ಶತ್ರುಗಳಲ್ಲವಾ? ತಪ್ಪು ಮಾಡಿದವರಿಗೆ ಫ್ರಾನ್ಸಿನವರು ಯಾಕೆ ಜಾಗ ಕೊಟ್ಟರು?"

ಕೂಡಲೇ ಉತ್ತರ ತೋಚಲಿಲ್ಲ. ನನಗೆ ರನ್ನನ 'ಗದಾಯುದ್ಧ'ದ ದುರ್ಯೋಧನ ನೆನಪಾದ. ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡು, ಅವನ ಸಾಹಸವನ್ನು ಮೆಚ್ಚಿ ಕೈಮುಗಿದವನು ಅವನು. ಆ ಕಥೆಯನ್ನು ಹೇಳಿ ನಾನೆಂದೆ: "ಹಿಟ್ಲರ್ ಮಾಡಿದ್ದು ಘೋರವಾದ ಅನ್ಯಾಯ, ಮಗು. ಅದನ್ನು ಮರೆಯಬಾರದು, ಅದಕ್ಕೆ ಬೇರೆ ಹೆಸರನ್ನೂ ಇಡಬಾರದು. ಆದರೆ ಈ ಕಲ್ಲನ್ನು ನೋಡು, ಇವನು ಸಾಯುವಾಗ ಹದಿನೆಂಟು ವರ್ಷದವನು. ಸತ್ತವನನ್ನು ಮಣ್ಣು ಮಾಡುವುದು ಅವನು ಹೋರಾಡಿದ ಪಕ್ಷಕ್ಕೆ ಕೊಡುವ ಮರ್ಯಾದೆಯಲ್ಲ, ಮನುಷ್ಯನಿಗೆ ಕೊಡುವ ಮರ್ಯಾದೆ."

ಮಗಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. "ಅಪ್ಪ, ಸೈನಿಕರ ಸಮಾಧಿ ಎಲ್ಲಾ ನೋಡಿದ್ದಾಯಿತು. ಊರಿನವರ ಕಥೆ ಏನು?" ಎಂದಳು. ಅದಕ್ಕೆ ಉತ್ತರ ಕಾನ್ ನಗರದಲ್ಲಿತ್ತು. ಬೇಯೂ ಪಟ್ಟಣ ದಾಳಿಯ ಮರುದಿನವೇ, ಹೆಚ್ಚು ಹಾನಿಯಿಲ್ಲದೆ, ಬಿಡುಗಡೆ ಹೊಂದಿತು. ಅದಕ್ಕೆ ಮೂವತ್ತು ಕಿಲೋಮೀಟರು ದೂರದ ಕಾನ್ ನಗರಕ್ಕಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಹೋರಾಟ ನಡೆಯಿತು. ಬಿಡಿಸಲು ಬಂದವರ ಬಾಂಬುಗಳೇ ಊರನ್ನು ನೆಲಸಮ ಮಾಡಿದವು. ವಿಲಿಯಮ್ ಕಟ್ಟಿಸಿದ ಮಠದ ಚರ್ಚಿನಲ್ಲಿ, ಅವನದೇ ಸಮಾಧಿಯಿರುವ ಸ್ಥಳದಲ್ಲಿ, ಸಾವಿರಾರು ಜನ ಆಶ್ರಯ ಪಡೆದು ಬದುಕಿದರು. ನಾರ್ಮಂಡಿಯಲ್ಲಿ ಆ ಬೇಸಗೆಯ ಕದನದಲ್ಲಿ ಸತ್ತ ನಾಗರಿಕರ ಸಂಖ್ಯೆ ಸುಮಾರು 20,000. ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾಯಿತು. ಮರುವರ್ಷದ ಮೇ ತಿಂಗಳಿನಲ್ಲಿ ಜರ್ಮನಿ ಶರಣಾಯಿತು. ಆ ಬಿಡುಗಡೆಯ ಬೆಲೆಯನ್ನು ಬಂದವರೂ ತೆತ್ತರು, ಬಿಡುಗಡೆ ಪಡೆದವರೂ ತೆತ್ತರು. ಕಾನ್ ನಗರವನ್ನು ಮತ್ತೆ ಕಟ್ಟಿದ ಜನರು 1988ರಲ್ಲಿ ಅಲ್ಲೊಂದು ದೊಡ್ಡ ಸ್ಮಾರಕ ಸಂಗ್ರಹಾಲಯವನ್ನು ತೆರೆದರು. ಯುದ್ಧದ ಕಥೆಯೊಡನೆ ಶಾಂತಿಯ ಚಿಂತನೆಗೂ ಅಲ್ಲಿ ಸ್ಥಾನವಿದೆ.

ಹಿಂತಿರುಗುವ ರೈಲಿನಲ್ಲಿ ಮೊಮ್ಮಗ ತನ್ನ ಟಿಪ್ಪಣಿ ಪುಸ್ತಕದಲ್ಲಿ ಏನನ್ನೋ ಬರೆಯುತ್ತಿದ್ದ. ಇಣುಕಿ ನೋಡಿದೆ. ಬೇಯೂವಿನ ಒಂದು ಕಲ್ಲಿನಿಂದ ಬರೆದುಕೊಂಡ ವಯಸ್ಸು - 19. ಅದರ ಕೆಳಗೆ ತನ್ನ ವಯಸ್ಸು - 14. ಅದನ್ನು ಕಳೆದು ಉತ್ತರ ಬರೆದಿದ್ದ. "ಐದೇ ವರ್ಷ, ತಾತ" ಎಂದ.

ನಾನೂ ಹುಡುಗನಾಗಿದ್ದಾಗ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದವನೇ. 1066, 1944 ಎಂದು ಒಪ್ಪಿಸಿ ಅಂಕ ಪಡೆದಿದ್ದೆ. ಇಸವಿಗಳು ಬೇಡವೆಂದು ನಾನು ಹೇಳುವುದಿಲ್ಲ, ಅವನ್ನು ತಿಳಿಯಲೇಬೇಕು. ಆದರೆ ಅವುಗಳ ಜೊತೆಗೆ ಮೊಮ್ಮಗ ಮಾಡಿದ ಆ ಸಣ್ಣ ಕಳೆಯುವ ಲೆಕ್ಕವನ್ನೂ ಮಾಡಿನೋಡಬೇಕು. ಆಗ ಯುದ್ಧವೆಂದರೇನು, ಶಾಂತಿಯ ಬೆಲೆಯೆಷ್ಟು ಎಂಬುದು ನಮಗೆ ಅರ್ಥವಾಗತೊಡಗುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ನಾರ್ಮಂಡಿಗೆ ಆ ಹೆಸರು ಹೇಗೆ ಬಂದಿತು?
2. ದಾಳಿಯನ್ನು ಒಂದು ದಿನ ಮುಂದೂಡಲು ಕಾರಣವೇನು?
3. ಮಿತ್ರರಾಷ್ಟ್ರಗಳು ಬಂದರನ್ನು ಇಂಗ್ಲೆಂಡಿನಿಂದ ತರಬೇಕಾದುದೇಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಐಸೆನ್‌ಹೋವರ್ ಬರೆದಿಟ್ಟ ಹೇಳಿಕೆಯಿಂದ ಅವರ ಯಾವ ಗುಣ ತಿಳಿಯುತ್ತದೆ?
2. ಬೇಯೂ ಮತ್ತು ಕಾನ್ ಪಟ್ಟಣಗಳ ಅನುಭವ ಹೇಗೆ ಬೇರೆಯಾಗಿತ್ತು?
3. ಶತ್ರುಗಳ ಸಮಾಧಿಯ ಬಗ್ಗೆ ಲೇಖಕರು ಕೊಟ್ಟ ಉತ್ತರವನ್ನು ನೀವು ಒಪ್ಪುತ್ತೀರಾ? ಕಾರಣ ಕೊಡಿ.

ಇ) ನಿಮ್ಮ ಊರಿನ ಅಥವಾ ಸಮೀಪದ ಊರಿನ ವೀರಗಲ್ಲನ್ನಾಗಲಿ, ಸ್ಮಾರಕವನ್ನಾಗಲಿ ನೋಡಿ, ಅದರ ಬಗ್ಗೆ ಹಿರಿಯರಿಂದ ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.