ಹಗಲು ಹೊತ್ತು ಮಗು ಯಾರ ಬಳಿ?

ತಂದೆತಾಯಿ ಇಲ್ಲವಾದ, ಅಥವಾ ಇದ್ದೂ ಸಾಕಲಾರದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಾಗ ಮೊದಲು ಏಳುವ ಪ್ರಶ್ನೆ: ನೋಡಿಕೊಳ್ಳುವ ನೆಂಟರು ಯಾರಾದರೂ ಇದ್ದಾರೆಯೇ? ಬಾಲನ್ಯಾಯ ಕಾಯ್ದೆ 2015 ಹೇಳುವುದೂ ಅದನ್ನೇ. ಮಗುವಿನ ಹೊಣೆ ಮೊದಲು ಕುಟುಂಬದ್ದು, ಬಾಲಮಂದಿರ ಬೇರೆ ದಾರಿಯೇ ಇಲ್ಲದಾಗಿನ ಕೊನೆಯ ಆಸರೆ. ಹೀಗೆ ಸರ್ಕಾರದ ರಕ್ಷಣೆಗೆ ಬಂದ ಮಗು ಅಜ್ಜಿಯ, ಚಿಕ್ಕಮ್ಮನ ಅಥವಾ ಸೋದರಮಾವನ ಮನೆ ಸೇರುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಇಂಥ ಮನೆಗಳ ಕಷ್ಟಸುಖವನ್ನು ಹತ್ತಿರದಿಂದ ನೋಡುತ್ತ ನಾನು ಕಲಿತ ಮುಖ್ಯ ಪಾಠವೆಂದರೆ, ಆ ಮೊದಲ ಪ್ರಶ್ನೆಯ ಬೆನ್ನಿಗೇ ಇನ್ನೊಂದನ್ನು ಕೇಳಬೇಕು: ಆ ನೆಂಟರು ದುಡಿಯಲು ಹೋದಾಗ ಮಗು ಯಾರ ಬಳಿ ಇರುತ್ತದೆ? ಇದಕ್ಕೆ ಉತ್ತರ ಸಿಗದ ಕಡೆ ಒಳ್ಳೆಯ ಮನಸ್ಸಿನ ಬಂಧುಗಳೂ ಕೈಸೋಲುತ್ತಾರೆ.

ಸರ್ಕಾರ ಏನನ್ನೂ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. 2022ರಲ್ಲಿ ಬಂದ ಮಿಷನ್ ವಾತ್ಸಲ್ಯ ಮಾರ್ಗಸೂಚಿಯ ಪ್ರಕಾರ, ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ಪ್ರಾಯೋಜಕತ್ವ ಯೋಜನೆಯಡಿ ತಿಂಗಳಿಗೆ 4000 ರೂಪಾಯಿ ಸಿಗಬಹುದು. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗಾಗಿ ರಾಜ್ಯ ಸರ್ಕಾರ 2021ರಲ್ಲೇ ಬಾಲ ಸೇವಾ ಯೋಜನೆ ತಂದು, ಸಾಕುವವರಿಗೆ ತಿಂಗಳಿಗೆ 3500 ರೂಪಾಯಿ ಘೋಷಿಸಿತ್ತು. ನೆಂಟರ ಮನೆಯೂ ಸಾರ್ವಜನಿಕ ನೆರವಿಗೆ ಅರ್ಹವೆಂದು ಒಪ್ಪಿದ್ದು ದೊಡ್ಡ ಹೆಜ್ಜೆ. ಆದರೆ ಪ್ರಾಯೋಜಕತ್ವಕ್ಕೆ ಒಂದು ಆದಾಯ ಮಿತಿ ಇದೆ: ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ, ಉಳಿದ ಕಡೆ 96,000 ರೂಪಾಯಿ ದಾಟಬಾರದು. ಇದನ್ನು ಕೂಲಿಯ ಲೆಕ್ಕದಲ್ಲಿ ನೋಡಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಮನೆಯ ಒಬ್ಬರೇ ವರ್ಷಕ್ಕೆ 195 ದಿನ ದುಡಿದರೂ ಮಿತಿ ದಾಟಿಹೋಗುತ್ತದೆ. ಅಜ್ಜ ಅಜ್ಜಿ ಇಬ್ಬರೂ ಕೂಲಿಗೆ ಹೋದರಂತೂ ನೂರು ದಿನ ಸಾಕು. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಇರುವ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅಂದರೆ ಪಡಿತರ ಅಂಗಡಿಯಲ್ಲಿ ಬಡವರೆನಿಸಿಕೊಂಡ ಮನೆಯೇ ಅನಾಥ ಮಗುವನ್ನು ಸಾಕುವ ಲೆಕ್ಕಕ್ಕೆ ಬಂದಾಗ ಬಡವರಲ್ಲ.

ಈ ಮಿತಿಯಿಂದ ಆಗುವ ಪರಿಣಾಮ ವಿಚಿತ್ರವಾದದ್ದು. ಮನೆಯಲ್ಲೇ ಇದ್ದು ಮಗುವನ್ನು ನೋಡಿಕೊಳ್ಳಬಲ್ಲವರಿಗೆ ಹಣ ಸಿಗಬಹುದು, ದುಡಿದು ಸಾಕುವವರಿಗೆ ಹಣವೂ ಇಲ್ಲ, ಮಗುವನ್ನು ಬಿಡಲು ಜಾಗವೂ ಇಲ್ಲ. ಬನ್ನೂರು, ತಲಕಾಡು ಕಡೆಯ ನಾಲೆ ಬಯಲಿನಲ್ಲಿ ನಾಟಿಗೋ ಕಳೆಗೋ ಹೋಗುವ ಹೆಂಗಸು ಬೆಳಗಾಗುತ್ತಲೇ ಗದ್ದೆಯಲ್ಲಿರಬೇಕು. ನಂಜನಗೂಡಿನ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಚಿಕ್ಕಮ್ಮನಿಗೆ ಪಾಳಿಯ ಹೊತ್ತೇ ಹೊತ್ತು. ಅಂಗನವಾಡಿ ತೆಗೆಯುವುದು ಇವರು ಮನೆ ಬಿಟ್ಟ ಮೇಲೆ, ಮುಚ್ಚುವುದು ಇವರು ಮನೆಗೆ ಮರಳುವ ಮುನ್ನ. ಮೂರು ವರ್ಷ ತುಂಬದ ಕೂಸಿಗೆ ಅಲ್ಲಿಯ ಶಾಲಾಪೂರ್ವ ತರಗತಿಯೂ ಇಲ್ಲ. ಕೊನೆಗೆ ಮನೆಯ ದೊಡ್ಡ ಹುಡುಗಿ ಶಾಲೆ ಬಿಟ್ಟು ಚಿಕ್ಕದನ್ನು ಎತ್ತಿಕೊಳ್ಳುತ್ತಾಳೆ. ಒಂದು ಮಗುವನ್ನು ಉಳಿಸಲು ಹೊರಟ ಆದೇಶ ಇನ್ನೊಂದು ಮಗುವಿನ ಓದನ್ನು ತಿನ್ನುತ್ತದೆ. ಪ್ರಾಯೋಜಕತ್ವದ ಮಗು ಮೂವತ್ತು ದಿನಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದರೆ ನೆರವು ನಿಲ್ಲಿಸಬಹುದೆಂಬ ನಿಯಮವಿದೆ. ಮಗು ಶಾಲೆ ತಪ್ಪಿಸಲು ಕಾರಣವಾದ ಕೊರತೆಯನ್ನು ಮಾತ್ರ ಯಾರೂ ತುಂಬುವುದಿಲ್ಲ.

ಇದಕ್ಕೆ ಬೇಕಾದ ಪರಿಹಾರ ಬಹುಪಾಲು ನಮ್ಮಲ್ಲೇ ಇದೆ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಊರಿನ ಹೆಂಗಸರೇ ತರಬೇತಿ ಪಡೆದು ಹಗಲಿಡೀ ನೋಡಿಕೊಳ್ಳುವ ವ್ಯವಸ್ಥೆ ಅದು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಆದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಎರಡೂ ಒಳ್ಳೆಯವೇ. ಆದರೆ ಎರಡೂ ಹೆತ್ತ ತಾಯಿಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು. ತಂಗಿಯ ಮಗುವನ್ನು ಸಾಕುತ್ತಿರುವ ಅಕ್ಕ, ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿ ಆ ಚಿತ್ರದಲ್ಲಿಲ್ಲ. ಸಮಿತಿಯ ಆದೇಶದಲ್ಲಿ ‘ಈ ಮಗುವಿಗೆ ಇಂಥ ಪಂಚಾಯಿತಿಯ ಕೂಸಿನ ಮನೆಯಲ್ಲಿ ಅಥವಾ ಅಂಗನವಾಡಿಯಲ್ಲಿ ಹಗಲಿನ ಆರೈಕೆ ಕೊಡತಕ್ಕದ್ದು’ ಎಂಬ ಒಂದು ಸಾಲು ಸೇರಿದರೆ ಅಜ್ಜಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಈಗ ಪ್ರತಿಯೊಂದು ನೆರವಿಗೂ ಆಕೆ ಮೈಸೂರಿನ ಕಚೇರಿಗೆ ಅಲೆಯಬೇಕು. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್, ನರಸೀಪುರದಿಂದ ಸುಮಾರು 30. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯುತ್ತದೆ, ಆ ದಿನದ ಕೂಲಿ ಉಳಿಯುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಚೆನ್ನಾಗಿ ಗೊತ್ತು: ‘ಸ್ವಂತ ರಕ್ತಸಂಬಂಧದ ಮಗುವನ್ನು ಸಾಕಲು ಸರ್ಕಾರ ಯಾಕೆ ದುಡ್ಡು ಕೊಡಬೇಕು? ನಮ್ಮ ಹಿರಿಯರು ಹಾಗೇ ಸಾಕಲಿಲ್ಲವೇ?’ ಸಾಕಿದರು ನಿಜ. ಆದರೆ ಅಂದು ಮನೆ ತುಂಬ ಜನವಿದ್ದರು, ಹಗಲಿನಲ್ಲೂ ಯಾರಾದರೊಬ್ಬರು ಜಗುಲಿಯ ಮೇಲಿರುತ್ತಿದ್ದರು. ಇಂದಿನ ಮನೆಗೆ ಹಗಲಿನಲ್ಲಿ ಬೀಗ ಬಿದ್ದಿರುತ್ತದೆ. ಅಲ್ಲದೆ ಅದೇ ಮಗು ಬಾಲಮಂದಿರ ಸೇರಿದರೆ ಅದರ ಊಟ, ಬಟ್ಟೆ, ಮೇಲ್ವಿಚಾರಣೆ ಎಲ್ಲದರ ಖರ್ಚೂ ಸರ್ಕಾರದ್ದೇ. ಮಗುವಿನ ಹೊಣೆಯನ್ನು ಸರ್ಕಾರ ಒಮ್ಮೆ ಹೊತ್ತ ಮೇಲೆ, ಅದನ್ನು ಅಜ್ಜಿಯ ಮಡಿಲಿಗೆ ಇಳಿಸಿ ತಾನು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಇಲಿನಾಯ್ ರಾಜ್ಯ ಹೊರಗಿನ ಪೋಷಕರಿಗೆ ಕೊಡುತ್ತಿದ್ದ ನೆರವನ್ನು ಮಕ್ಕಳ ಸ್ವಂತ ಅಕ್ಕನಿಗೆ ನಿರಾಕರಿಸಿದಾಗ, ಬಂಧು ಎಂಬ ಕಾರಣಕ್ಕೆ ಹಾಗೆ ಹೊರಗಿಡುವಂತಿಲ್ಲ ಎಂದು 1979ರಲ್ಲಿ ತೀರ್ಪಾಯಿತು. ಸಂಬಂಧ ಇದೆಯೆಂದ ಮಾತ್ರಕ್ಕೆ ಮಗುವಿನ ಹಸಿವೇನೂ ಕಡಿಮೆಯಾಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ನೆಂಟರ ಮನೆಯೆಲ್ಲ ಸುರಕ್ಷಿತವಲ್ಲ. ಹಣದ ಆಸೆಗೆ ಮಗುವನ್ನು ಇಟ್ಟುಕೊಳ್ಳುವವರಿದ್ದಾರೆ, ಮನೆಗೆಲಸಕ್ಕೆ ಒಂದು ಕೈಯೆಂದು ಕರೆದೊಯ್ಯುವವರಿದ್ದಾರೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇರುವ ನಮ್ಮ ಕಡೆ, ಅಜ್ಜಿಯ ಮನೆ ಸೇರಿದ ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ಅಲ್ಲೇ ಮದುವೆ ಮಾಡಿಬಿಡುವ ಅಪಾಯವೂ ಇದೆ. ಅಂಥ ಮದುವೆ, ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ, ಮೊದಲಿನಿಂದಲೇ ಅಸಿಂಧು. ಆದರೆ ತಡೆಯುವ ಕಣ್ಣು ಊರಿನಲ್ಲೇ ಇರಬೇಕು. ಹಗಲಿನ ಆರೈಕೆಯ ಪರವಾಗಿ ನನ್ನ ಬಲವಾದ ವಾದ ಇರುವುದು ಇಲ್ಲಿಯೇ. ಬ್ಯಾಂಕ್ ಖಾತೆಗೆ ಬಿದ್ದ ಹಣ ಮಗುವಿನ ಹೊಟ್ಟೆಗೆ ಸೇರಿತೇ ಎಂದು ಪಾಸ್‌ಬುಕ್ ಹೇಳುವುದಿಲ್ಲ. ದಿನವೂ ಮಗುವನ್ನು ಎತ್ತಿಕೊಳ್ಳುವ ಕೂಸಿನ ಮನೆಯ ಹೆಂಗಸಿಗೆ, ಅಂಗನವಾಡಿ ಕಾರ್ಯಕರ್ತೆಗೆ ಮಗು ಸೊರಗಿದ್ದು, ಮೈಮೇಲೆ ಬಾಸುಂಡೆ ಎದ್ದದ್ದು, ಅದರ ಅಕ್ಕ ಶಾಲೆ ಬಿಟ್ಟದ್ದು ಎಲ್ಲವೂ ಕಾಣುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಹಣವೂ ಬೇಕು, ಹಗಲಿನ ಆರೈಕೆಯೂ ಬೇಕು. ಹಣ ಮನೆಯನ್ನು ನಡೆಸುತ್ತದೆ, ಆರೈಕೆ ಮಗುವನ್ನು ಕಾಯುತ್ತದೆ.

ಆದ್ದರಿಂದ ನಾನು ಕೇಳುವುದು ಮೂರು ಸಂಗತಿ. ಮಗುವನ್ನು ನೆಂಟರಿಗೆ ಒಪ್ಪಿಸುವ ಪ್ರತಿ ಆದೇಶದಲ್ಲೂ ಹಗಲಿನ ಆರೈಕೆಯ ಜಾಗ ನಮೂದಾಗಲಿ. ಪ್ರಾಯೋಜಕತ್ವದ ಆದಾಯ ಮಿತಿಯನ್ನು ಬಿಪಿಎಲ್ ಮಿತಿಗೆ ಸರಿದೂಗಿಸಲಿ. ಕೂಸಿನ ಮನೆಯ ವೇಳೆ ಗದ್ದೆಯ, ಕಾರ್ಖಾನೆಯ ವೇಳೆಗೆ ಹೊಂದಿಕೊಳ್ಳಲಿ, ಅದರ ಬಾಗಿಲು ಸಾಕುತಾಯಿಗೂ ತೆರೆಯಲಿ. ನಿಮ್ಮ ಊರಿನಲ್ಲೂ ಅಜ್ಜಿಯೊಬ್ಬಳು ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡು ಕೂಲಿಗೆ ಹೊರಟಿರಬಹುದು. ಮುಂದಿನ ಗ್ರಾಮಸಭೆಯಲ್ಲಿ ಆಕೆಯ ಪರವಾಗಿ ಈ ಒಂದು ಪ್ರಶ್ನೆಯನ್ನು ನೀವೇ ಎದ್ದು ಕೇಳಿ: ಹಗಲು ಹೊತ್ತು ಆ ಮಗು ಯಾರ ಬಳಿ?