ಸೊಂಟನೋವಿಗೆ ಮೊದಲು ಯಾರ ಬಳಿ ಹೋಗಬೇಕು?

ಮನೆಯಲ್ಲಿ ಒಬ್ಬರು ಸೊಂಟ ಹಿಡಿದುಕೊಂಡಿದೆ ಎಂದ ಕೂಡಲೇ ನಾಲ್ಕು ಕಡೆಯಿಂದ ವಿಳಾಸಗಳು ಬರುತ್ತವೆ. ಪಕ್ಕದ ಮನೆಯವರು ಉಳುಕು ತೆಗೆಯುವವರ ಊರು ಹೇಳುತ್ತಾರೆ. ಭಾವಮೈದುನ ದೊಡ್ಡ ಆಸ್ಪತ್ರೆಯ ಮೂಳೆ ಡಾಕ್ಟರ ಹೆಸರು ಹೇಳುತ್ತಾನೆ. ಆಫೀಸಿನ ಗೆಳೆಯರು ಮೊದಲು ಎಂಆರ್‌ಐ ಮಾಡಿಸಿಬಿಡಿ ಅನ್ನುತ್ತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮ ನೋವಿನ ಲಕ್ಷಣವನ್ನು ನೋಡಿ ತೀರ್ಮಾನವಾಗಬೇಕು. ಆ ಲಕ್ಷಣಗಳನ್ನು ಅರ್ಧದಷ್ಟಾದರೂ ಮನೆಯಲ್ಲೇ ಗುರುತಿಸಿಕೊಳ್ಳಬಹುದು. ಅದಕ್ಕಾಗಿಯೇ ಈ ಲೇಖನ.

ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಐದು ಬಿಲ್ಲೆಗಳಿವೆ. ಅವುಗಳ ನಡುವೆ ಡಿಸ್ಕ್, ಹಿಂಬದಿಯಲ್ಲಿ ಸಣ್ಣ ಕೀಲುಗಳು, ಸುತ್ತಲೂ ಸ್ನಾಯುಗಳು, ಪಕ್ಕದಿಂದ ಕಾಲಿಗೆ ಇಳಿಯುವ ನರಗಳು. ಸೊಂಟನೋವು ಬಂದ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಇವುಗಳಲ್ಲಿ ನೋಯುತ್ತಿರುವುದು ಇದೇ ಎಂದು ಯಾವ ಯಂತ್ರವೂ ಬೆರಳಿಟ್ಟು ತೋರಿಸಲಾರದು. ಇದರಿಂದ ಗಾಬರಿಯಾಗಬೇಕಿಲ್ಲ. ಇಂಥ ನೋವು ಬಹುಪಾಲು ಜನರಲ್ಲಿ ಆರು ವಾರದೊಳಗೆ ಸಾಕಷ್ಟು ಇಳಿಯುತ್ತದೆ. ಉಳಿದ ಒಬ್ಬಿಬ್ಬರನ್ನು ತಡಮಾಡದೆ ಸರಿಯಾದ ಕಡೆ ಕಳಿಸುವುದು ಮುಖ್ಯ. ಹಾಗಾಗಿ ಅವರ ಮಾತನ್ನೇ ಮೊದಲು ಆಡೋಣ.

ಮೆದುಳುಬಳ್ಳಿ ಸೊಂಟದ ಮೊದಲ ಬಿಲ್ಲೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಗೊಂಚಲೊಂದು ಇಳಿಯುತ್ತದೆ. ಮೂತ್ರ, ಮಲ, ಕಾಲಿನ ಬಲ ಎಲ್ಲವೂ ಅದರ ಕೈಯಲ್ಲಿ. ದೊಡ್ಡ ಡಿಸ್ಕ್ ಚೂರೊಂದು ಈ ಗೊಂಚಲನ್ನೇ ಅದುಮಿದರೆ ಮೂತ್ರ ಕಟ್ಟುತ್ತದೆ, ಇಲ್ಲವೇ ತಿಳಿಯದೆ ಸೋರುತ್ತದೆ. ಸೈಕಲ್ ಸೀಟು ತಾಗುವ ಜಾಗ ಮರಗಟ್ಟುತ್ತದೆ. ಕಾಲು ಸೋಲುತ್ತದೆ, ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತದೆ. ವೈದ್ಯರು ಇದನ್ನು ಕಾಡಾ ಇಕ್ವೈನಾ ಸಿಂಡ್ರೋಮ್ ಎನ್ನುತ್ತಾರೆ. ಇಲ್ಲಿ ಗಂಟೆಗಳ ಲೆಕ್ಕ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ, ಎಂಆರ್‌ಐ ಯಂತ್ರವೂ ಬೆನ್ನುಮೂಳೆ ಶಸ್ತ್ರಚಿಕಿತ್ಸೆ ಮಾಡುವವರೂ ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಅಂಥದ್ದೇ ದೊಡ್ಡ ಆಸ್ಪತ್ರೆಗೋ ರಾತ್ರಿಯೇ ಹೋಗಬೇಕು. ಅಪಘಾತದಲ್ಲಿ ಅಥವಾ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾದವರಿಗೂ ಇದೇ ಮಾತು. ಅವರನ್ನು ಕೂರಿಸಿ, ಬಗ್ಗಿಸಿ ಆಟೊದಲ್ಲಿ ಸಾಗಿಸಬೇಡಿ.

ಇನ್ನು ಕೆಲವರು ಅದೇ ರಾತ್ರಿ ಓಡಬೇಕಿಲ್ಲ, ಆದರೆ ಆ ವಾರವೇ ವೈದ್ಯರಿಗೆ ತೋರಿಸಬೇಕು. ಸಂಜೆ ಹೊತ್ತು ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದೆ ರಾತ್ರಿಯಿಡೀ ಕಾಡುವ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ನೆನಪಿಸಿಕೊಳ್ಳಬೇಕು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂಬ ನಂಬಿಕೆಯಿಂದ ನಮ್ಮಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕಳೆಯುತ್ತಾರೆ. ಹಿಂದೆ ಕ್ಯಾನ್ಸರ್ ಆಗಿದ್ದವರೂ ತಡಮಾಡಬಾರದು. ಮುಟ್ಟು ನಿಂತು ವರ್ಷಗಳಾದ ಹೆಂಗಸರಲ್ಲಿ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಮೂಳೆ ಎಷ್ಟು ಟೊಳ್ಳಾಗಿರುತ್ತದೆಂದರೆ, ಬಸ್ಸು ಗುಂಡಿಗೆ ಇಳಿದ ಕುಲುಕಿಗೇ ಬಿಲ್ಲೆ ಕುಸಿಯಬಹುದು. ನೋವು ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಬರುತ್ತಿದ್ದರೆ ಅದು ಮೂತ್ರಪಿಂಡದ ಕಲ್ಲಿನದಿರಬಹುದು. ಆಗ ಮೂಳೆ ಡಾಕ್ಟರು ಬೇಕಾಗುವುದಿಲ್ಲ.

ಇಪ್ಪತ್ತು, ಮೂವತ್ತರ ವಯಸ್ಸಿನ ಒಂದು ಗುಂಪನ್ನು ಬೇರೆಯಾಗಿ ಹೇಳಬೇಕು. ಅವರಿಗೆ ಬೆಳಿಗ್ಗೆ ಎದ್ದಾಗ ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಮತ್ತೆ ಬಿಗಿಯುತ್ತದೆ. ಮೂರು ತಿಂಗಳು ಹೀಗೇ ಇದ್ದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ಇದಕ್ಕೆ ಹೋಗಬೇಕಾದದ್ದು ರುಮಟಾಲಜಿಸ್ಟ್ ಬಳಿಗೆ. ಈ ಹೆಸರೇ ಗೊತ್ತಿಲ್ಲದೆ ವರ್ಷಗಳು ಕಳೆದುಹೋಗುವುದು ನನಗೆ ತುಂಬಾ ದುಃಖದ ಸಂಗತಿಯಾಗಿ ಕಾಣುತ್ತದೆ, ಯಾಕೆಂದರೆ ಇವತ್ತು ಅದಕ್ಕೆ ಒಳ್ಳೆಯ ಔಷಧಿಗಳಿವೆ.

ಇವೇನೂ ಇಲ್ಲದವರು, ಎಂದರೆ ನಮ್ಮಲ್ಲಿ ಬಹುಪಾಲು ಜನ, ಹತ್ತಿರದ ವೈದ್ಯರ ಬಳಿಗೇ ಮೊದಲು ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರವಾಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಬೀದಿಯ ಎಂಬಿಬಿಎಸ್ ಡಾಕ್ಟರಾಗಲಿ ಸಾಲುತ್ತದೆ. ಅವರು ನಿಮ್ಮನ್ನು ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡಬೇಕು. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಒತ್ತಲು ಹೇಳಿ ಬಲ ಪರೀಕ್ಷಿಸಬೇಕು, ಮಂಡಿಗೂ ಹಿಮ್ಮಡಿಗೂ ಸುತ್ತಿಗೆಯಿಂದ ತಟ್ಟಬೇಕು. ಐದು ನಿಮಿಷದ ಕೆಲಸ. ಇಷ್ಟನ್ನು ಮಾಡುವ ವೈದ್ಯರು ಎಷ್ಟೇ ಸಣ್ಣ ಕಟ್ಟಡದಲ್ಲಿ ಕೂತಿದ್ದರೂ ಅವರಲ್ಲಿ ನಂಬಿಕೆಯಿಡಿ. ಮೈಮುಟ್ಟದೆಯೇ ಸ್ಕ್ಯಾನ್ ಬರೆದುಕೊಡುವಲ್ಲಿ ಒಮ್ಮೆ ಯೋಚಿಸಿ. ಕೆಲವು ದಿನದ ಮಾತ್ರೆ, ಬಿಸಿನೀರಿನ ಶಾಖ, ಆಗುವಷ್ಟು ಓಡಾಟ: ಶುರುವಿಗೆ ಇಷ್ಟು ಸಾಕು. ಹಾಸಿಗೆ ಹಿಡಿದು ಮಲಗುವುದರಿಂದ ಸೊಂಟ ಇನ್ನಷ್ಟು ಬಿಗಿಯುತ್ತದೆ, ಗುಣವಾಗುವುದೂ ನಿಧಾನವಾಗುತ್ತದೆ.

ಜನ ದಾರಿ ತಪ್ಪುವುದು ಹೆಚ್ಚಾಗಿ ಎಂಆರ್‌ಐ ವಿಷಯದಲ್ಲಿ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಐವತ್ತರವರಲ್ಲಿ ಶೇ. 60, ಎಂಬತ್ತರವರಲ್ಲಿ ಶೇ. 84. ಇವರಲ್ಲಿ ಯಾರಿಗೂ ಸೊಂಟ ನೋಯುತ್ತಿರಲಿಲ್ಲ. ತಲೆಗೂದಲು ನೆರೆಯುವ ಹಾಗೆ ಡಿಸ್ಕೂ ನೆರೆಯುತ್ತದೆ. ಆದ್ದರಿಂದ ವರದಿಯಲ್ಲಿ ಡಿಸ್ಕ್ ಬಲ್ಜ್ ಎಂದು ಬರೆದ ಮಾತ್ರಕ್ಕೆ, ಬೆನ್ನಿನಲ್ಲಿ ಗ್ಯಾಪ್ ಬಂದಿದೆ ಎಂದು ಯಾರೋ ಹೇಳಿದ ಮಾತ್ರಕ್ಕೆ ನಿಮ್ಮ ನೋವಿಗೆ ಅದೇ ಕಾರಣವೆಂದು ಆಗುವುದಿಲ್ಲ. ಬಗ್ಗಿದರೆ ಡಿಸ್ಕ್ ಜಾರುತ್ತದೆಂಬ ಹೆದರಿಕೆಯಿಂದ ಬಿಂದಿಗೆ ಎತ್ತುವುದನ್ನು, ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ. ಮೇಲೆ ಹೇಳಿದ ಅಪಾಯದ ಚಿಹ್ನೆಗಳಿದ್ದರೆ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ ಎಂಆರ್‌ಐ ಖಂಡಿತ ಬೇಕು. ಸ್ಕ್ಯಾನ್ ಸೆಂಟರಿಗೆ ನೀವಾಗಿಯೇ ಹೋಗಬೇಡಿ.

ನೋವು ವಾರಗಳನ್ನು ದಾಟಿತೆಂದರೆ ಮುಂದಿನ ಭೇಟಿ ಫಿಸಿಯೊಥೆರಪಿಸ್ಟರದು. ಆಯ್ಕೆಯಲ್ಲಿ ಎಚ್ಚರ ಬೇಕಾದದ್ದು ಇಲ್ಲಿಯೇ. ದಿನವೂ ಹೋಗಿ ಕರೆಂಟ್ ಕೊಡಿಸಿಕೊಂಡು, ತೂಕ ಕಟ್ಟಿ ಎಳೆಸಿಕೊಂಡು, ಬೆಲ್ಟ್ ಬಿಗಿದುಕೊಂಡು ಬರುವುದೇ ಚಿಕಿತ್ಸೆಯೆಂದು ಬಹಳ ಜನ ತಿಳಿದಿದ್ದಾರೆ. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೀಗೆ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ, ಸೊಂಟದ ಬೆಲ್ಟ್ ಬೇಡ ಎನ್ನುತ್ತದೆ. ಕ್ರಮವಾದ ವ್ಯಾಯಾಮ ಬೇಕು, ರೋಗಿಗೆ ತಿಳಿವಳಿಕೆ ಕೊಡಬೇಕು ಎನ್ನುತ್ತದೆ. ವ್ಯಾಯಾಮ ಕಲಿಸಿ, ಮನೆಯಲ್ಲಿ ಮಾಡಿಸಿ, ವಾರಕ್ಕೊಮ್ಮೆ ಬಂದರೆ ಸಾಕು ಎನ್ನುವವರನ್ನು ಹುಡುಕಿ. ನನ್ನ ದೃಷ್ಟಿಯಲ್ಲಿ ಸೊಂಟನೋವಿನವರ ನಿಜವಾದ ಆಸರೆ ಅವರೇ.

ಎಣ್ಣೆ ನೀವುವುದರಿಂದ, ಕಟಿಬಸ್ತಿಯಿಂದ ಹಲವರಿಗೆ ಹಾಯೆನಿಸುತ್ತದೆ. ಅಪಾಯದ ಚಿಹ್ನೆ ಇಲ್ಲದಿದ್ದರೆ ಓದಿದ ಆಯುರ್ವೇದ ವೈದ್ಯರಲ್ಲಿ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಜೊತೆಗೆ ವ್ಯಾಯಾಮ ನಡೆದಿರಲಿ. ಸೊಂಟ ತುಳಿಸುವುದು, ಝಾಡಿಸಿ ಎಳೆಸುವುದು ಬೇಡವೇ ಬೇಡ. ಟೊಳ್ಳು ಮೂಳೆಯಿದ್ದರೆ, ಕ್ಷಯವಿದ್ದರೆ ಅಲ್ಲೇ ಮುರಿದೀತು. ಹೆಸರಿಲ್ಲದ ಪೊಟ್ಟಣದ ಪುಡಿಗಳನ್ನೂ ನಂಬಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ.

ಕೊನೆಗೆ ಶಸ್ತ್ರಚಿಕಿತ್ಸೆ. ಮಂಡಿಯ ಕೆಳಗೂ ಕಾಲು ಸೆಳೆಯುವ ಸಯಾಟಿಕಾ ಇದ್ದು, ಆರೆಂಟು ವಾರವಾದರೂ ತಗ್ಗದಿದ್ದರೆ ಬೆನ್ನುಮೂಳೆ ಸರ್ಜನ್ನರನ್ನು ಕಾಣುವುದು ಸರಿ. ನೆದರ್ಲೆಂಡ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕಾಲುನೋವು ಬೇಗ ಇಳಿಯಿತು. ಆದರೆ ವರ್ಷ ಮುಗಿಯುವ ಹೊತ್ತಿಗೆ ಕಾದವರೂ ಅವರಷ್ಟೇ ಚೇತರಿಸಿಕೊಂಡಿದ್ದರು. ಕಾಲಿನ ಬಲ ಸರಿಯಿದ್ದು ಮೂತ್ರಕ್ಕೆ ತೊಂದರೆಯಿಲ್ಲದಿದ್ದರೆ, ನಾಳೆಯೇ ಆಪರೇಷನ್ ಆಗಬೇಕು ಎಂಬ ಅವಸರಕ್ಕೆ ಮಣಿಯಬೇಡಿ. ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಕೇಳಲು ನಿಮಗೆ ಸಮಯವಿದೆ.

ಖರ್ಚಿನ ಮಾತೊಂದು ಉಳಿಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವು ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟುವ ಮೊದಲು ರೇಷನ್ ಕಾರ್ಡು, ಆಧಾರ್ ಹಿಡಿದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ.