ಯಾರ ಸಂಬಳದಲ್ಲಿ ಅಡುಗೆ, ಯಾರ ಹೆಸರಿನಲ್ಲಿ ಉಳಿತಾಯ

ಗಂಡ ಹೆಂಡತಿ ಇಬ್ಬರಿಗೂ ಪರದೇಶದಲ್ಲಿ ಕೆಲಸ ಸಿಕ್ಕಿತೆಂದರೆ ಬಂಧುಬಳಗದವರು ಹೇಳುವ ಬುದ್ಧಿಮಾತು ಒಂದೇ: ‘ಒಬ್ಬರ ಸಂಬಳದಲ್ಲಿ ಸಂಸಾರ ನಡೆಸಿ, ಇನ್ನೊಬ್ಬರದ್ದನ್ನು ಮುಟ್ಟಬೇಡಿ.’ ನಾನು ಗಣಿತ ಕಲಿಸಲು, ಇವರು ರಸಾಯನಶಾಸ್ತ್ರ ಕಲಿಸಲು ಚೀನಾದ ಹಾಂಗ್‌ಝೌ ನಗರದ ಅಂತರರಾಷ್ಟ್ರೀಯ ಶಾಲೆಯೊಂದಕ್ಕೆ ಹೊರಟಾಗ ಶಿವಮೊಗ್ಗದಲ್ಲಿ ನಮ್ಮತ್ತೆಯೂ ಇದನ್ನೇ ಹೇಳಿದರು. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಆದರೆ ಖರ್ಚಾಗುವ ಸಂಬಳ ಯಾರದು, ಉಳಿಯುವ ಸಂಬಳ ಯಾರದು ಎಂದು ಯಾರೂ ಕೇಳುವುದಿಲ್ಲ. ಚೀನಾದಲ್ಲಿ ದುಡಿಯುವ ದಂಪತಿ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ ಎಂದು ನಾನು ಅಲ್ಲಿ ಬದುಕಿ ತಿಳಿದುಕೊಂಡೆ.

ಅಲ್ಲಿನ ಖಾಸಗಿ ಶಾಲೆಗಳಿಗೆ ದಂಪತಿಗಳೆಂದರೆ ಇಷ್ಟ. ಒಂಟಿಯಾಗಿ ಬಂದವರಿಗಿಂತ ಹೆಚ್ಚು ಕಾಲ ನಿಲ್ಲುತ್ತಾರೆ, ಇಬ್ಬರಿಗೆ ಒಂದೇ ಮನೆ ಸಾಕಾಗುತ್ತದೆ. ಇಲ್ಲೇ ಮೊದಲ ಮಾತುಕತೆ ನಡೆಯಬೇಕು. ಇಬ್ಬರು ಒಂಟಿ ಶಿಕ್ಷಕರಿಗೆ ಎರಡು ಮನೆಬಾಡಿಗೆ ಭತ್ಯೆ ಕೊಡುವ ಶಾಲೆ, ದಂಪತಿಯ ಒಪ್ಪಂದದಲ್ಲಿ ಒಂದನ್ನೇ ಬರೆದು ಕಳಿಸುವುದುಂಟು; ಅದೂ ಬಹಳ ಸಲ ಗಂಡನ ಒಪ್ಪಂದದಲ್ಲಿ. ಭತ್ಯೆ ತಲೆಗೋ ಮನೆಗೋ, ವಿಮಾನದ ಟಿಕೆಟ್ ಯಾರ ಹೆಸರಿನಲ್ಲಿ, ಬೇಸಿಗೆ ರಜೆಯಲ್ಲಿ ಸಂಬಳ ಉಂಟೋ ಇಲ್ಲವೋ ಎಂಬುದನ್ನು ಸಹಿಗೆ ಮುಂಚೆ ಕೇಳಿ. ಸಹಿ ಬಿದ್ದ ಮೇಲೆ ಕೇಳಿದರೆ ಅದು ಬೇಡಿಕೆಯಾಗುತ್ತದೆ. ಇಬ್ಬರೂ ಕೆಲಸದ ಝಡ್ ವೀಸಾದಲ್ಲೇ ಹೋಗಬೇಕು. ಹೆಂಡತಿ ಮೊದಲು ಅವಲಂಬಿತಳಾಗಿ ಬರಲಿ, ಅಲ್ಲಿ ಕೆಲಸ ಹುಡುಕಿದರಾಯಿತು ಎಂದುಕೊಂಡರೆ ಅವಲಂಬಿತರ ವೀಸಾದಲ್ಲಿ ದುಡಿಯುವುದಕ್ಕೆ ಅನುಮತಿ ಇಲ್ಲ.

ಅಲ್ಲಿಗೆ ಹೋದ ಮೊದಲ ತಿಂಗಳಲ್ಲಿ ಬೇಕಾಗುವ ಹಣದ ಬಗ್ಗೆ ಮುಂಚೆಯೇ ಅಂದಾಜಿರಲಿ. ಅಲ್ಲಿ ಬಾಡಿಗೆ ಮನೆಯ ರೂಢಿ ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಹಗುರ ಎನಿಸುತ್ತದೆ, ಆದರೆ ಮೊದಲ ಸಂಬಳ ಬರುವುದಕ್ಕೆ ಮುಂಚೆಯೇ ಕೊಡಬೇಕು. ನಾಲ್ಕೂವರೆ ಸಾವಿರ ಯುವಾನ್ ಬಾಡಿಗೆಯ ಮನೆಯಾದರೆ 18,000 ಯುವಾನ್, ಮೇಲೆ ಏಜೆಂಟರ ಕಮಿಷನ್. ಯುವಾನಿಗೆ ಹನ್ನೆರಡು ರೂಪಾಯಿ ಲೆಕ್ಕ ಹಿಡಿದರೆ ಹತ್ತಿರ ಎರಡೂವರೆ ಲಕ್ಷ ರೂಪಾಯಿ. ಮನೆಗೆ ಕಾಲಿಟ್ಟ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು, 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಇವೆಲ್ಲ ಇಬ್ಬರಿಗೂ ಬೇರೆ ಬೇರೆ.

ಬ್ಯಾಂಕ್ ಖಾತೆಯೂ ಬೇರೆ ಬೇರೆಯೇ. ನಾವು ಹೋದ ಬ್ಯಾಂಕಿನಲ್ಲಿ ಗಂಡ ಹೆಂಡತಿಗೆ ಜಂಟಿ ಖಾತೆ ಎಂಬುದೇ ಇರಲಿಲ್ಲ. ನನ್ನ ಪಾಸ್‌ಪೋರ್ಟ್, ನನ್ನ ಫೋನ್ ನಂಬರು, ನನ್ನ ಖಾತೆ, ಅವರದು ಅವರದ್ದು.

ಅಡುಗೆಮನೆಯ ಖರ್ಚು ನಾವು ಹೆದರಿದ್ದಷ್ಟು ಇರಲಿಲ್ಲ. ಹಾಂಗ್‌ಝೌ ಇರುವುದು ಯಾಂಗ್ಟ್ಸಿ ನದಿಯ ಕೆಳಗಿನ ಬಯಲಿನಲ್ಲಿ, ಮಳೆಯ ನಾಡು. ಬೇಸಿಗೆಯಲ್ಲಿ ಅಲ್ಲಿನ ತರಕಾರಿ ಮಾರುಕಟ್ಟೆಗೆ ಹೋದರೆ ಮಲೆನಾಡಿನವರಿಗೆ ಗುರುತಾಗದ ಕಾಯಿ ಕಡಿಮೆ. ಹೀರೆಕಾಯಿ, ಹಾಗಲಕಾಯಿ, ಬೂದುಗುಂಬಳ, ಅಲಸಂದೆ, ಕೆಸುವಿನ ಗೆಡ್ಡೆ, ಬೇಯಿಸಿದರೆ ನೀರೆಲ್ಲ ಕೆಂಪಾಗುವ ಹರಿವೆ, ಬಸಳೆ ಕೂಡ. ಬೆಲೆ ಹೇಳುವುದು ಜಿನ್ ಲೆಕ್ಕದಲ್ಲಿ, ಅಂದರೆ ಅರ್ಧ ಕಿಲೋಗೆ. ಹೊಸಬರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಚೌಕಾಸಿಗೆ ಇಳಿಯಬೇಕು. ತೊಗರಿಬೇಳೆ, ಹುಣಸೆಹಣ್ಣು, ಇಂಗಿಗೆ ಮಾತ್ರ ಪರದಾಟ. ಅದೇ ಪ್ರಾಂತ್ಯದ ಕೆಚಿಯಾವ್ ಜವಳಿ ಪೇಟೆಯಲ್ಲೂ ಯಿವು ಸಗಟು ಮಾರುಕಟ್ಟೆಯಲ್ಲೂ ಭಾರತೀಯ ವ್ಯಾಪಾರಿಗಳು ಬಹಳ ಇರುವುದರಿಂದ ಅಲ್ಲಿನ ಅಂಗಡಿಗಳಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತಿದ್ದೆವು. ಓಡಾಟ ಅಗ್ಗ. ಮೆಟ್ರೊ ಎರಡು ಯುವಾನಿನಿಂದ ಶುರು. 2008ರಲ್ಲೇ ಆರಂಭವಾದ ನಗರದ ಸಾರ್ವಜನಿಕ ಸೈಕಲ್ಲುಗಳಿಗೆ ಮೊದಲ ಒಂದು ಗಂಟೆ ದುಡ್ಡಿಲ್ಲ. ಚಳಿಗಾಲವೇ ಕಷ್ಟ. ಹುವಾಯ್ ನದಿಯಿಂದ ಉತ್ತರಕ್ಕಿರುವ ಊರುಗಳಲ್ಲಿ ಮನೆಮನೆಗೆ ಸರ್ಕಾರದ ವ್ಯವಸ್ಥೆಯಲ್ಲೇ ಬಿಸಿ ಹರಿದುಬರುತ್ತದೆ. ದಕ್ಷಿಣದ ಹಾಂಗ್‌ಝೌಗೆ ಆ ಸೌಲಭ್ಯವಿಲ್ಲ, ಕೊರೆಯುವ ಚಳಿ ಮಾತ್ರ ಇದೆ. ಜನವರಿಯಲ್ಲಿ ಎಸಿಯನ್ನೇ ಬಿಸಿಗೆ ಹಾಕಿಕೊಂಡು ಕೂರಬೇಕು, ಕರೆಂಟ್ ಬಿಲ್ ಏರುತ್ತದೆ. ರಾತ್ರಿ ಹತ್ತರ ಮೇಲಿನ ದರ ಹಗಲಿನ ಅರ್ಧದಷ್ಟು ಇರುವ ಮೀಟರ್ ಹಾಕಿಸಿಕೊಂಡರೆ ಬಟ್ಟೆ ಒಗೆಯುವ ಯಂತ್ರವನ್ನಾದರೂ ಆಗ ಓಡಿಸಬಹುದು.

ಈ ಖರ್ಚೆಲ್ಲ ಹೋಗುವುದು ಫೋನಿನಿಂದ. ತರಕಾರಿಯವಳ ತಕ್ಕಡಿಯ ಪಕ್ಕ, ಬೀದಿಯಲ್ಲಿ ಗೆಣಸು ಸುಡುವವನ ಗಾಡಿಯ ಮೇಲೆ, ಎಲ್ಲೆಲ್ಲೂ ಅಲಿಪೇ, ವೀಚಾಟ್‌ಗಳ ಕ್ಯೂಆರ್ ಕೋಡ್. ಶಾಲೆ ಬಿಟ್ಟ ಮೇಲೆ ಮಾರುಕಟ್ಟೆಗೆ ಹೋಗುವ ರೂಢಿ ನನಗಿತ್ತು. ಮನೆಯೊಡತಿ ವೀಚಾಟಿನಲ್ಲಿ ಮಾತಾಡುತ್ತಿದ್ದದ್ದೂ ನನ್ನೊಡನೆಯೇ, ಹಾಗಾಗಿ ಬಾಡಿಗೆಯೂ ನನ್ನ ಖಾತೆಯಿಂದ. ಯಾರೂ ಕೂತು ತೀರ್ಮಾನಿಸಿದ್ದಲ್ಲ. ತನ್ನಷ್ಟಕ್ಕೆ ತಾನೇ ಸಂಸಾರ ನಡೆಸುವ ಸಂಬಳ ನನ್ನದಾಗುತ್ತಿತ್ತು, ಮುಟ್ಟದೆ ಇಡುವ ಸಂಬಳ ಇವರದ್ದಾಗುತ್ತಿತ್ತು.

ನಮಗಿಂತ ಮೊದಲು ಬಂದು ನೆಲೆಸಿದ್ದ ಭಾರತೀಯ ದಂಪತಿಯೊಬ್ಬರ ಮನೆಯಲ್ಲಿ ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ಕಂಡಿತು. ಗಂಡ ಊರಿನಲ್ಲಿಟ್ಟ ಠೇವಣಿಯ ಲೆಕ್ಕ ಸಂತೋಷದಿಂದ ಹೇಳಿದರು. ಅವರು ಒಳ್ಳೆಯವರು, ಏನನ್ನೂ ಮುಚ್ಚಿಟ್ಟವರಲ್ಲ. ಅವರ ಹೆಂಡತಿ, ಅಷ್ಟೇ ವರ್ಷ ಅಷ್ಟೇ ಪೀರಿಯಡ್ ಪಾಠ ಮಾಡಿದವರು, ಪಾತ್ರೆ ಎತ್ತಿಡುತ್ತಾ ನನಗೆ ಮೆಲ್ಲಗೆ ಹೇಳಿದರು: ‘ನನ್ನ ಹೆಸರಲ್ಲಿ ಏನೂ ಇಲ್ಲ ಕಣಮ್ಮ, ನನ್ನದೆಲ್ಲ ಇಲ್ಲೇ ಖರ್ಚಾಯ್ತು.’ ಆ ಮನೆ ನಡೆದದ್ದು ಅವರ ಹಣದಿಂದ. ಉಳಿತಾಯ ಸಾಧ್ಯವಾದದ್ದೂ ಅದರಿಂದಲೇ. ದಾಖಲೆಯಲ್ಲಿ ಮಾತ್ರ ಅವರ ಗುರುತಿಲ್ಲ.

ಆಮೇಲೆ ಸರಿಪಡಿಸಿದರಾಯಿತು ಎನ್ನಬಹುದು. ಚೀನಾದಿಂದ ಅದು ಸುಲಭವಲ್ಲ. ಅಲ್ಲಿ ವಿದೇಶಿ ವಿನಿಮಯಕ್ಕೆ ಕಟ್ಟುನಿಟ್ಟಿದೆ. ನಾವು ಯುವಾನನ್ನು ಡಾಲರ್ ಮಾಡಿ ಊರಿಗೆ ಕಳಿಸಬೇಕಾದರೆ ಪಾಸ್‌ಪೋರ್ಟ್, ಕೆಲಸದ ಒಪ್ಪಂದ, ಸಂಬಳದ ವಿವರ, ತೆರಿಗೆ ಕಟ್ಟಿದ ದಾಖಲೆ ಹಿಡಿದು ಬ್ಯಾಂಕಿನ ಕೌಂಟರಿಗೆ ಹೋಗಬೇಕು. ತೆರಿಗೆ ಕಳೆದು ಕೈಗೆ ಬಂದ ಸಂಬಳ ಎಷ್ಟೆಂದು ಆ ಕಾಗದಗಳು ತೋರಿಸುತ್ತವೋ ಅಷ್ಟಕ್ಕೆ ಮಾತ್ರ ದಾರಿ. ನನ್ನ ಹಣಕ್ಕೆ ನನ್ನ ಕಾಗದ, ಅವರ ಹಣಕ್ಕೆ ಅವರದು. ನಾನು ಈ ವರ್ಷ ಬಾಡಿಗೆಗೂ ಬೇಳೆಗೂ ಸಂಬಳ ಸುರಿದು, ಮುಂದಿನ ವರ್ಷ ಅವರ ಉಳಿತಾಯದ ಅರ್ಧವನ್ನು ನನ್ನ ಹೆಸರಿನಲ್ಲಿ ಕಳಿಸುತ್ತೇನೆ ಎಂದರೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನನ್ನ ಬಳಿ ಕಾಗದವಿರುವುದಿಲ್ಲ.

ಊರಿಗೆ ಬಂದ ಮೇಲೆ ಗಂಡ ಹೆಂಡತಿಗೆ ಕೊಡಬಹುದು, ಅದಕ್ಕೆ ತೆರಿಗೆಯೂ ಇಲ್ಲ. ಆದರೆ ಹಾಗೆ ಕೊಟ್ಟ ಹಣದ ಬಡ್ಡಿಯನ್ನು ನಮ್ಮ ಆದಾಯ ತೆರಿಗೆ ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಅವಳು ದುಡಿದದ್ದು ಕಾನೂನಿನ ಕಣ್ಣಿಗೆ ಅವನು ಕೊಟ್ಟದ್ದಾಗಿಬಿಡುತ್ತದೆ. ಇನ್ನೂ ಒಂದು ವಿಷಯ ಹೆಣ್ಣುಮಕ್ಕಳಿಗೆ ತಿಳಿದಿರಬೇಕು. 2021ರಿಂದ ಜಾರಿಯಲ್ಲಿರುವ ಚೀನಾದ ನಾಗರಿಕ ಸಂಹಿತೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮದುವೆಯ ನಂತರದ ಸಂಬಳ ಗಂಡ ಹೆಂಡತಿ ಇಬ್ಬರಿಗೂ ಸೇರಿದ್ದು. ನಮ್ಮ ಸಹೋದ್ಯೋಗಿ ಚೀನೀ ಶಿಕ್ಷಕಿಯರ ಸಂಬಳವೂ ಬೇರೆ ಬೇರೆ ಖಾತೆಗೇ ಬೀಳುತ್ತಿತ್ತು, ಆದರೆ ಅವರ ಬೆನ್ನಿಗೆ ಆ ಕಾನೂನಿತ್ತು. ನಮ್ಮ ದೇಶದಲ್ಲಿ ಗೋವಾದಂಥ ಒಂದೆರಡು ಕಡೆ ಬಿಟ್ಟರೆ ಅಂಥ ಸಮಪಾಲಿನ ಕಾನೂನಿಲ್ಲ. ಯಾರ ಹೆಸರಿನಲ್ಲಿದೆಯೋ ಅವರ ಆಸ್ತಿ.

ಆ ಭಾನುವಾರ ರಾತ್ರಿಯೇ ನಾವಿಬ್ಬರೂ ಕೂತು ಮಾತಾಡಿದೆವು. ಇವರು ಬೇಸರಪಡಲಿಲ್ಲ; ‘ಅಪ್ಪ ಅಮ್ಮನ ಮನೆಯಲ್ಲೂ ಅಡಿಕೆ ಪಟ್ಟಿಯೆಲ್ಲ ಅಪ್ಪನ ಹೆಸರಿನಲ್ಲೇ, ಅಮ್ಮ ಸುಲಿದದ್ದಕ್ಕೆ ಲೆಕ್ಕವಿಲ್ಲ’ ಎಂದರು. ಮನೆಖರ್ಚನ್ನು ಸಂಬಳದ ಪ್ರಮಾಣದಲ್ಲಿ ಹಂಚಿಕೊಂಡೆವು. ತಿಂಗಳ ಮೊದಲಿಗೆ ಅವರ ಪಾಲು ನನ್ನ ಅಲಿಪೇಗೆ ಬೀಳುತ್ತಿತ್ತು. ತಿಂಗಳ ಕೊನೆಗೆ ಅದೇ ಆ್ಯಪ್ ತೋರಿಸುವ ಖರ್ಚಿನ ಪಟ್ಟಿ ನೋಡಿ ಹೆಚ್ಚುಕಡಿಮೆ ಸರಿಮಾಡಿಕೊಳ್ಳುತ್ತಿದ್ದೆವು. ಉಳಿದದ್ದನ್ನು ಊರಿನ ಬ್ಯಾಂಕಿನಲ್ಲಿ ಅನಿವಾಸಿಗಳಿಗಿರುವ ಎನ್‌ಆರ್‌ಇ ಖಾತೆಗೆ ಅವರವರದನ್ನು ಅವರವರೇ ಕಳಿಸುವುದು. ಶಿವಮೊಗ್ಗದ ಮನೆ ಸಾಲದ ಕಂತು ಎರಡೂ ಖಾತೆಯಿಂದ, ಮನೆ ಇಬ್ಬರ ಹೆಸರಿನಲ್ಲಿ. ಅತ್ತೆಗೆ ಮೊದಲು ಇದು ಹಿಡಿಸಲಿಲ್ಲ, ಗಂಡ ಹೆಂಡತಿಯ ನಡುವೆ ಎಂಥ ಲೆಕ್ಕ ಎಂದರು. ಆಮೇಲೊಂದು ದಿನ ಫೋನಿನಲ್ಲಿ, ತಮ್ಮ ಹೆಸರಿನಲ್ಲೂ ಒಂದು ಖಾತೆ ಮಾಡಿಸಿಕೊಡು ಎಂದು ಮಗನಿಗೆ ಹೇಳಿದರು.

ಬಜೆಟ್ ಹಾಕುವಾಗ ಚೀನಾದ ತೆರಿಗೆಯ ನಡಿಗೆ ಗೊತ್ತಿರಬೇಕು. ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. 183 ದಿನ ಅಲ್ಲಿದ್ದು ನಿವಾಸಿ ಎನಿಸಿಕೊಂಡವರಿಗೆ ವರ್ಷಕ್ಕೆ 60,000 ಯುವಾನ್ ವಿನಾಯಿತಿ, ಅದರ ಮೇಲೆ 3ರಿಂದ 45 ಪ್ರತಿಶತದವರೆಗೆ ಮೆಟ್ಟಿಲು. ಪ್ರತಿ ತಿಂಗಳೂ ಅಲ್ಲಿಯವರೆಗಿನ ಒಟ್ಟು ಆದಾಯದ ಮೇಲೆ ಲೆಕ್ಕ ಹಾಕುವುದರಿಂದ ವರ್ಷ ಮುಂದುವರಿದಂತೆ ಕಡಿತ ಹೆಚ್ಚುತ್ತಾ ಹೋಗುತ್ತದೆ. ತಿಂಗಳಿಗೆ 25,000 ಯುವಾನ್ ಸಂಬಳವಿದ್ದು ಬೇರೆ ಕಡಿತಗಳನ್ನು ಬದಿಗಿಟ್ಟರೆ ಜನವರಿಯ ತೆರಿಗೆ 600 ಯುವಾನ್, ಡಿಸೆಂಬರಿನದು 4,000. ಕೈಗೆ ಬರುವ ಹಣ 24,400ರಿಂದ 21,000ಕ್ಕೆ ಇಳಿದಿರುತ್ತದೆ. ಜನವರಿಯ ಸಂಬಳ ನೋಡಿ ಕಂತು ನಿಗದಿ ಮಾಡಿದವರು ನವೆಂಬರ್ 11ರ ದೊಡ್ಡ ಮಾರಾಟದ ಹೊತ್ತಿಗೆ ಕೈ ಬಿಗಿಯಾಗಿ ಕೂರುತ್ತಾರೆ. ನಾವು ಡಿಸೆಂಬರಿನ ಸಂಬಳವನ್ನೇ ನಿಜವಾದ ಸಂಬಳ ಎಂದು ಹಿಡಿದು, ವರ್ಷದ ಮೊದಲರ್ಧದಲ್ಲಿ ಮಿಕ್ಕಿದ್ದನ್ನು ಆಗಾಗಲೇ ಊರಿಗೆ ಕಳಿಸಿಬಿಡುತ್ತಿದ್ದೆವು.

ಮನೆಬಾಡಿಗೆ ಭತ್ಯೆಗೆ ‘ಫಾಪ್ಯಾವ್’ ಎಂಬ ಸರ್ಕಾರಿ ರಸೀದಿ ಕೊಟ್ಟರೆ ವಿದೇಶಿ ನೌಕರರಿಗೆ ಅದರ ಮೇಲೆ ತೆರಿಗೆಯಿಲ್ಲ. ಮನೆ ಮಾಲೀಕರು ರಸೀದಿ ಕೊಡಲು ಹಿಂಜರಿಯುತ್ತಾರೆ, ಕೆಲವರು ಅದಕ್ಕೆ ಬಾಡಿಗೆ ಏರಿಸುತ್ತಾರೆ. ಮನೆ ನೋಡುವಾಗಲೇ ಈ ಮಾತು ಮುಗಿಸಿಕೊಳ್ಳಿ.

ಭಾರತದ ಕಡೆ ಕೆಲಸ ಸ್ವಲ್ಪ. ಕೆಲಸಕ್ಕಾಗಿ ದೇಶ ಬಿಟ್ಟ ವರ್ಷ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷವೇ ಅನಿವಾಸಿ, ಹೊರಗಿನ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಆಗಸ್ಟಿನಲ್ಲಿ ಶಾಲೆ ಶುರುವಾಗುವುದರಿಂದ ಶಿಕ್ಷಕರಿಗೆ ಇದು ತಾನಾಗಿ ಕೂಡಿಬರುತ್ತದೆ. ಇಲ್ಲಿನ ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಿ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ತೆರಿಗೆಯಿಲ್ಲ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ. ಪ್ರತಿ ಖಾತೆಗೂ ನಾಮಿನಿ ಬರೆಸಿ.

ದಂಪತಿಗೆ ಇನ್ನೊಂದು ಅಪಾಯವಿದೆ. ಸಂಬಳ ಎರಡಾದರೂ ಕೊಡುವವರು ಒಬ್ಬರೇ. ಒಪ್ಪಂದ ಮುಂದುವರಿಯದಿದ್ದರೆ ಇಬ್ಬರ ಸಂಬಳ, ಮನೆ, ವಾಸದ ಪರವಾನಗಿ ಒಟ್ಟಿಗೇ ಹೋಗುತ್ತವೆ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಖಾಸಗಿ ಟ್ಯೂಷನ್ ಉದ್ಯಮಕ್ಕೆ ಕಡಿವಾಣ ಹಾಕಿದಾಗ ತರಬೇತಿ ಕೇಂದ್ರಗಳು ಒಂದರ ಮೇಲೊಂದು ಮುಚ್ಚಿದವು. ಅಲ್ಲಿ ಕೆಲಸಕ್ಕಿದ್ದವರು ಹೊಸ ಶಾಲೆ ಹುಡುಕಿಕೊಂಡು ಅಲೆಯಬೇಕಾಯಿತು. ಆರು ತಿಂಗಳ ಖರ್ಚು, ಎರಡು ಟಿಕೆಟ್ಟಿನ ದುಡ್ಡು ಊರಿನ ಖಾತೆಯಲ್ಲಿರಲಿ. ಪೋಷಕರು ಪ್ರೀತಿಯಿಂದ ‘ಲಾವೋಶಿ (ಟೀಚರ್), ವಾರಕ್ಕೊಂದು ಗಂಟೆ ಗಣಿತ ಹೇಳಿಕೊಡಿ’ ಎಂದು ಕೇಳುತ್ತಾರೆ, ಒಳ್ಳೆಯ ದುಡ್ಡೂ ಕೊಡುತ್ತಾರೆ. ಒಪ್ಪಬೇಡಿ. ಪರವಾನಗಿಯಲ್ಲಿರುವ ಶಾಲೆ ಬಿಟ್ಟು ಬೇರೆಡೆ ಪಾಠ ಹೇಳುವುದು ಅಕ್ರಮ ಕೆಲಸ. 5,000ದಿಂದ 20,000 ಯುವಾನ್ ದಂಡ, ಗಂಭೀರ ಎನಿಸಿದರೆ ಬಂಧನವೂ ಉಂಟು.

ಬಿಟ್ಟು ಬರುವಾಗ ಅವಸರ ಬೇಡ. ಶಾಲೆ ಸಾಮಾಜಿಕ ವಿಮೆ ಕಟ್ಟುತ್ತಿದ್ದರೆ ನಿಮ್ಮ ಸಂಬಳದಿಂದ ಪಿಂಚಣಿಗೆಂದು ಹಿಡಿದ 8 ಪ್ರತಿಶತ ನಿಮ್ಮ ವೈಯಕ್ತಿಕ ಖಾತೆಯಲ್ಲಿರುತ್ತದೆ. ಚೀನಾದೊಡನೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲದ್ದರಿಂದ ಅದನ್ನು ಇಲ್ಲಿಗೆ ವರ್ಗಾಯಿಸಲಾಗದು, ದೇಶ ಬಿಡುವ ಮುನ್ನ ಅರ್ಜಿ ಹಾಕಿ ಒಂದೇ ಗಂಟಿನಲ್ಲಿ ಪಡೆಯಬಹುದು. ಹಿಂದಿನ ವರ್ಷದ ತೆರಿಗೆಯ ಅಂತಿಮ ಲೆಕ್ಕ ಮಾರ್ಚ್ 1ರಿಂದ ಜೂನ್ 30ರವರೆಗೆ. ಮರುಪಾವತಿ ಬರುವುದು ಅಲ್ಲಿನ ಬ್ಯಾಂಕ್ ಖಾತೆಗೇ. ಆ ಹಣ, ಮನೆಯ ಠೇವಣಿ, ಕೊನೆಯ ಸಂಬಳ, ಪಿಂಚಣಿಯ ಗಂಟು ಎಲ್ಲ ಕೈ ಸೇರುವವರೆಗೆ ಖಾತೆ ಮುಚ್ಚಬೇಡಿ. ಆ್ಯಪಿಗೆ ಒಟಿಪಿ ಬರುವುದು ಅಲ್ಲಿನ ಫೋನ್ ನಂಬರಿಗಾದ್ದರಿಂದ ಸಿಮ್ಮನ್ನೂ ಜೀವಂತವಾಗಿಡಿ, ಇಬ್ಬರದೂ.